ಪ್ರಿಂಟರ್ ಕಡತದಿಂದ ಪಿಡಿಎಫ್‌ಗೆ: ಕನ್ನಡ ಪಠ್ಯದ ಆಕೃತಿ ಮತ್ತು ಸಂಕೇತ

ಪ್ರಸ್ತಾವನೆ

ಕನ್ನಡದ ಸಂಶೋಧನ ಮಹಾಪ್ರಬಂಧಗಳು, ವಿದ್ವತ್ ಪತ್ರಿಕೆಗಳು ಹಾಗೂ ಸಂಪಾದಿತ ಕೃತಿಗಳು ಇಂದು ಓದುಗರನ್ನು ತಲಪುತ್ತಿರುವ ಪ್ರಮುಖ ರೂಪಗಳಲ್ಲಿ ಪಿಡಿಎಫ್ ಕಡತವೂ ಒಂದು. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೦೯ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯ ಸಲ್ಲಿಕೆಯನ್ನು ವಿಧಿಸಿದ ತರುವಾಯ, ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಸಂಗ್ರಹಕ್ಕೆ ಕನ್ನಡ ಪ್ರಬಂಧಗಳೂ ಸೇರುತ್ತ ಬಂದಿವೆ. ಇಂತಹ ಕಡತವೊಂದನ್ನು ತೆರೆದಾಗ ಪುಟಗಳು ಅಚ್ಚುಕಟ್ಟಾಗಿಯೇ ಕಾಣುತ್ತವೆ. ಆದರೆ ಕಣ್ಣೆದುರಿಗೇ ಇರುವ ‘ಕರ್ನಾಟಕ’ ಎಂಬ ಪದವನ್ನು ಹುಡುಕಿದರೆ ಸಿಗದಿರುವುದು, ವಾಕ್ಯವೊಂದನ್ನು ಪ್ರತಿ ಮಾಡಿ ಬೇರೆಡೆ ಅಂಟಿಸಿದರೆ ಅದು ‘ಕನಾರ್ಟಕ’ ಎಂದೋ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿಯೋ ಮೂಡುವುದು ಅಧ್ಯಾಪಕರಿಗೂ ಸಂಶೋಧಕರಿಗೂ ಅಪರಿಚಿತವಾದ ಅನುಭವವಲ್ಲ.

ಇದನ್ನು ಫಾಂಟಿನ ದೋಷವೆಂದು ಭಾವಿಸುವುದೇ ವಾಡಿಕೆ. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದರೆ ಸಮಸ್ಯೆ ಪರಿಹಾರವಾಯಿತೆಂಬ ನಂಬಿಕೆಯೂ ವ್ಯಾಪಕವಾಗಿದೆ. ಇವೆರಡೂ ಅರ್ಧಸತ್ಯಗಳು. ಪಠ್ಯವನ್ನು ಯಾವ ಸಂಕೇತದಲ್ಲಿ ಬರೆಯಲಾಯಿತು ಎಂಬುದರಷ್ಟೇ ಮಹತ್ವ ಅದು ಯಾವ ಮಾರ್ಗದಿಂದ ಪಿಡಿಎಫ್ ಆಯಿತು ಎಂಬುದಕ್ಕೂ ಇದೆ. ಪ್ರಿಂಟರ್‌ಗೆಂದು ಸಿದ್ಧವಾಗುವ ಕಡತದಲ್ಲಿ ಅಕ್ಷರದ ಆಕೃತಿ ಮಾತ್ರ ಉಳಿದು, ಅಕ್ಷರದ ಗುರುತು ಕಳೆದುಹೋಗುವ ಸಾಧ್ಯತೆ ಇರುತ್ತದೆ. ಅಂತಹ ಕಡತದಿಂದ ಹುಟ್ಟಿದ ಪಿಡಿಎಫ್ ಆ ನಷ್ಟವನ್ನು ತಾನೂ ಹೊತ್ತುಕೊಳ್ಳುತ್ತದೆ. ಈ ಪ್ರಕ್ರಿಯೆಯ ಸ್ವರೂಪವನ್ನೂ ಕನ್ನಡ ಅಧ್ಯಯನದ ಮೇಲೆ ಅದು ಬೀರುವ ಪರಿಣಾಮವನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧. ಪ್ರಿಂಟರ್‌ಗೆ ಹೋಗುವ ಕಡತಗಳು

ಗಣಕದಲ್ಲಿ ಸಿದ್ಧಪಡಿಸಿದ ಪುಟವು ನೇರವಾಗಿ ಪ್ರಿಂಟರ್‌ಗೆ ಹೋಗುವುದಿಲ್ಲ. ಬರಹದ ತಂತ್ರಾಂಶಕ್ಕೂ ಯಂತ್ರಕ್ಕೂ ನಡುವೆ ‘ಡ್ರೈವರ್’ ಎಂಬ ಮಧ್ಯವರ್ತಿ ತಂತ್ರಾಂಶವಿದ್ದು, ಪುಟದ ವಿವರವನ್ನು ಆ ಯಂತ್ರಕ್ಕೆ ಅರ್ಥವಾಗುವ ಆದೇಶಗಳನ್ನಾಗಿ ಅದು ಪರಿವರ್ತಿಸುತ್ತದೆ. ಈ ಆದೇಶಗಳ ಭಾಷೆ ಎಲ್ಲ ಯಂತ್ರಗಳಿಗೂ ಒಂದೇ ಅಲ್ಲ. ಎಪ್ಸನ್ ಸಂಸ್ಥೆಯ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಿಗೆ ಒಂದು ಬಗೆಯ ಆದೇಶಸರಣಿಯಿದ್ದರೆ, ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ತನ್ನ ಯಂತ್ರಗಳಿಗಾಗಿ ‘ಪಿಸಿಎಲ್’ ಎಂಬ ಭಾಷೆಯನ್ನು ಬೆಳೆಸಿತು. ಮುದ್ರಣೋದ್ಯಮದಲ್ಲಿ ಹೆಚ್ಚು ನೆಲೆಗೊಂಡದ್ದು ಅಡೋಬಿ ಸಂಸ್ಥೆಯ ‘ಪೋಸ್ಟ್‌ಸ್ಕ್ರಿಪ್ಟ್’. ವಿಂಡೋಸ್ ವ್ಯವಸ್ಥೆಯಲ್ಲಿ ಇವುಗಳಿಗೆ ಮುನ್ನ ‘ಇಎಂಎಫ್’ ಎಂಬ ತಾತ್ಕಾಲಿಕ ರೂಪವೊಂದು ಸಿದ್ಧವಾಗಿ ಸರದಿಯಲ್ಲಿ ಕಾಯುವುದುಂಟು.

ಮುದ್ರಣದ ಆದೇಶ ನೀಡುವಾಗ ‘ಕಡತಕ್ಕೆ ಮುದ್ರಿಸು’ ಎಂಬ ಆಯ್ಕೆಯನ್ನು ಗುರುತಿಸಿದರೆ, ಯಂತ್ರಕ್ಕೆ ಹೋಗಬೇಕಾದ ಆದೇಶಗಳೆಲ್ಲ ‘ಪಿಆರ್‌ಎನ್’ ಎಂಬ ಹೆಸರಂಟು ಹೊತ್ತ ಕಡತವಾಗಿ ಉಳಿಯುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪಿಆರ್‌ಎನ್ ಎಂಬುದು ಯಾವುದೇ ಒಂದು ಕಡತ ವಿನ್ಯಾಸದ ಹೆಸರಲ್ಲ. ಆಯ್ಕೆ ಮಾಡಿದ ಡ್ರೈವರ್ ಯಾವುದೋ ಒಳಗಿನ ಭಾಷೆಯೂ ಅದೇ. ಒಂದು ಪಿಆರ್‌ಎನ್ ಕಡತದೊಳಗೆ ಪೋಸ್ಟ್‌ಸ್ಕ್ರಿಪ್ಟ್ ಇರಬಹುದು, ಇನ್ನೊಂದರೊಳಗೆ ಪಿಸಿಎಲ್ ಇರಬಹುದು. ಸರಳ ಪಠ್ಯ ಸಂಪಾದಕದಲ್ಲಿ ತೆರೆದಾಗ ಕಡತವು ಶೇಕಡಾ ಚಿಹ್ನೆ ಹಾಗೂ ಆಶ್ಚರ್ಯಸೂಚಕ ಚಿಹ್ನೆಗಳಿಂದ ಆರಂಭವಾಗಿದ್ದರೆ ಅದು ಪೋಸ್ಟ್‌ಸ್ಕ್ರಿಪ್ಟ್ ಎಂದು ತಿಳಿಯಬಹುದು. ಆರಂಭದಲ್ಲಿ ಯಂತ್ರ ನಿಯಂತ್ರಣದ ಕೆಲವು ಸಾಲುಗಳು ಬಂದು, ಅನಂತರ ಈ ಗುರುತು ಕಾಣಿಸುವುದೂ ಉಂಟು. ಪಿಸಿಎಲ್ ಡ್ರೈವರ್‌ನಿಂದ ಬಂದ ಕಡತವನ್ನು ಅಡೋಬಿಯ ‘ಡಿಸ್ಟಿಲರ್’ ತಂತ್ರಾಂಶಕ್ಕೆ ಒಪ್ಪಿಸಿದರೆ ಅದು ಪಿಡಿಎಫ್ ಆಗಲಾರದು, ಏಕೆಂದರೆ ಡಿಸ್ಟಿಲರ್ ಓದಬಲ್ಲದ್ದು ಪೋಸ್ಟ್‌ಸ್ಕ್ರಿಪ್ಟ್ ಅನ್ನು ಮಾತ್ರ.

೨. ಪೋಸ್ಟ್‌ಸ್ಕ್ರಿಪ್ಟ್ ಮತ್ತು ಪಿಡಿಎಫ್

ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕೆ ಅವರು ೧೯೮೨ರಲ್ಲಿ ಸ್ಥಾಪಿಸಿದ ಅಡೋಬಿ ಸಂಸ್ಥೆ ೧೯೮೪ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಅನ್ನು ಹೊರತಂದಿತು. ಮರುವರ್ಷ ಆ ಭಾಷೆಯನ್ನು ಅಳವಡಿಸಿಕೊಂಡ ಆ್ಯಪಲ್ ಸಂಸ್ಥೆಯ ಲೇಸರ್‌ರೈಟರ್ ಯಂತ್ರವೂ ಆಲ್ಡಸ್ ಸಂಸ್ಥೆಯ ಪೇಜ್‌ಮೇಕರ್ ತಂತ್ರಾಂಶವೂ ಬಂದವು. ಡಿಟಿಪಿ ಎಂದು ಕನ್ನಡದಲ್ಲಿಯೂ ರೂಢಿಗೆ ಬಂದ ಕಾರ್ಯವಿಧಾನಕ್ಕೆ ಇವು ತಳಹದಿಯಾದವು. ಪೋಸ್ಟ್‌ಸ್ಕ್ರಿಪ್ಟ್ ಪೂರ್ಣ ಪ್ರಮಾಣದ ಗಣಕ ಕ್ರಮವಿಧಿ ಭಾಷೆಯಾಗಿದೆ. ಅದರಲ್ಲಿ ಬರೆದ ಕಡತವನ್ನು ಯಂತ್ರವು ಮೊದಲಿನಿಂದ ಕೊನೆಯವರೆಗೆ ಕಾರ್ಯಗತಗೊಳಿಸಿದಾಗಲಷ್ಟೇ ಪುಟ ರೂಪುಗೊಳ್ಳುತ್ತದೆ.

ವಾರ್ನಾಕ್ ಅವರು ೧೯೯೧ರಲ್ಲಿ ‘ಕ್ಯಾಮೆಲಾಟ್’ ಎಂಬ ಯೋಜನೆಯ ಮೂಲಕ ಮುಂದಿಟ್ಟ ಆಲೋಚನೆಯ ಫಲವೇ ೧೯೯೩ರಲ್ಲಿ ಪ್ರಕಟವಾದ ಪಿಡಿಎಫ್. ಪುಟವನ್ನು ಬಣ್ಣಿಸುವ ಕ್ರಮವನ್ನು ಅದು ಪೋಸ್ಟ್‌ಸ್ಕ್ರಿಪ್ಟ್‌ನಿಂದಲೇ ಪಡೆದಿದೆ. ಒಂದು ಅಂಗುಲದ ೭೨ನೆಯ ಒಂದು ಭಾಗವನ್ನು ಮೂಲಮಾನವಾಗಿ ಇಟ್ಟುಕೊಳ್ಳುವ ಕ್ರಮ ಎರಡಕ್ಕೂ ಸಮಾನ. ಆದರೆ ಕ್ರಮವಿಧಿಯ ಅಂಶಗಳನ್ನು ಪಿಡಿಎಫ್ ತೊರೆದಿದೆ. ಪ್ರತಿಯೊಂದು ಪುಟವೂ ಸ್ವತಂತ್ರವಾಗಿದ್ದು, ಯಾವ ಅಂಶ ಎಲ್ಲಿದೆ ಎಂಬ ಸೂಚಿಯೂ ಕಡತದಲ್ಲಿರುವುದರಿಂದ ಮುನ್ನೂರನೆಯ ಪುಟವನ್ನು ನೇರವಾಗಿ ತೆರೆಯಬಹುದು. ೨೦೦೮ರಲ್ಲಿ ಅದು ಐಎಸ್‌ಒ ೩೨೦೦೦ ಎಂಬ ಅಂತರರಾಷ್ಟ್ರೀಯ ಶಿಷ್ಟತೆಯಾಯಿತು.

ಪಿಡಿಎಫ್ ಸಿದ್ಧಪಡಿಸಲು ಹೀಗೆ ಎರಡು ಮಾರ್ಗಗಳಿವೆ. ಪ್ರಿಂಟರ್ ಭಾಷೆಯ ಕಡತವನ್ನು ಮೊದಲು ಪಡೆದು, ಡಿಸ್ಟಿಲರ್ ಅಥವಾ ಘೋಸ್ಟ್‌ಸ್ಕ್ರಿಪ್ಟ್‌ನಂತಹ ತಂತ್ರಾಂಶದಿಂದ ಪರಿವರ್ತಿಸುವುದು ಒಂದು. ಬರಹದ ತಂತ್ರಾಂಶವೇ ತನ್ನ ಪಠ್ಯವನ್ನು ನೇರವಾಗಿ ಪಿಡಿಎಫ್ ಆಗಿ ಉಳಿಸುವುದು ಇನ್ನೊಂದು. ಪ್ರಿಂಟರ್‌ಗಳ ಪಟ್ಟಿಯಲ್ಲಿ ಪಿಡಿಎಫ್ ಎಂಬ ಹೆಸರಿನಲ್ಲಿ ಕಾಣಿಸುವ ಮಿಥ್ಯಾ ಯಂತ್ರಗಳೂ ಮೊದಲ ಮಾರ್ಗಕ್ಕೇ ಸೇರುತ್ತವೆ. ೨೦೧೫ರಲ್ಲಿ ಬಂದ ವಿಂಡೋಸ್ ೧೦ ಇಂತಹ ಸೌಲಭ್ಯವನ್ನು ತನ್ನೊಳಗೇ ಹೊಂದಿತ್ತು. ಎರಡು ಮಾರ್ಗಗಳಿಂದ ಬಂದ ಪುಟಗಳು ಕಣ್ಣಿಗೆ ಒಂದೇ ಬಗೆಯಾಗಿ ಕಂಡರೂ ಒಳಗಿನ ರಚನೆ ಬೇರೆಯಾಗಿರಬಲ್ಲದು.

೩. ಅಕ್ಷರ ಮತ್ತು ಆಕೃತಿ

ಅಕ್ಷರದ ಶ್ರಾವಣ ರೂಪ ಬೇರೆ, ಚಾಕ್ಷುಷ ರೂಪ ಬೇರೆ ಎಂಬ ತಿಳಿವಳಿಕೆ ವ್ಯಾಕರಣ ಚಿಂತನೆಗೆ ಹೊಸದಲ್ಲ. ಗಣಕದಲ್ಲಿ ಈ ಭೇದ ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಯೂನಿಕೋಡ್ ಸಂಖ್ಯೆ ನೀಡುವುದು ಅಕ್ಷರದ ಗುರುತಿಗೆ. ಫಾಂಟಿನೊಳಗೆ ಇರುವುದು ಆಕೃತಿಗಳು. ಈ ಆಕೃತಿಗಳಿಗೆ ‘ಗ್ಲಿಫ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಒಂದು ಗ್ಲಿಫ್ ಇರುವುದರಿಂದ ಇವೆರಡರ ಅಂತರ ಗಮನಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಸ್ಥಿತಿ ಬೇರೆ.

‘ಕನ್ನಡ’ ಎಂಬ ಪದ ಯೂನಿಕೋಡ್‌ನಲ್ಲಿ ಐದು ಸಂಕೇತಗಳ ಸರಣಿ: ಕಕಾರ, ನಕಾರ, ವಿರಾಮ ಚಿಹ್ನೆ, ನಕಾರ, ಡಕಾರ. ಪುಟದ ಮೇಲೆ ಕಾಣುವುದು ಕ, ನ, ನಕಾರದ ಒತ್ತು, ಡ ಎಂಬ ನಾಲ್ಕು ಆಕೃತಿಗಳು. ಒತ್ತಿಗೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಖ್ಯೆಯಿಲ್ಲ. ವಿರಾಮ ಹಾಗೂ ನಕಾರಗಳು ಕೂಡಿದಾಗ ಯಾವ ಗ್ಲಿಫ್ ಬರಬೇಕೆಂಬುದನ್ನು ಫಾಂಟಿನ ನಿಯಮಗಳು ನಿರ್ಧರಿಸುತ್ತವೆ. ‘ಕೋಶ’ ಎಂಬಲ್ಲಿಯ ಓಕಾರ ಒಂದೇ ಸಂಕೇತವಾಗಿದ್ದರೂ ಆಕೃತಿಯಲ್ಲಿ ಎತ್ವ, ಕೊಂಬು, ದೀರ್ಘಗಳಾಗಿ ಒಡೆಯಬಲ್ಲದು.

ಅರ್ಕಾವತ್ತಿನ ಪ್ರಸಂಗ ಇನ್ನೂ ಜಟಿಲ. ‘ಅರ್ಥ’ ಎಂಬ ಪದದಲ್ಲಿ ಉಚ್ಚಾರಣೆಗೂ ಯೂನಿಕೋಡ್ ಸರಣಿಗೂ ಅನುಗುಣವಾಗಿ ರಕಾರ ಮೊದಲು, ಥಕಾರ ಅನಂತರ ಬರುತ್ತವೆ. ಬರಹದಲ್ಲಿ ಮಾತ್ರ ಥಕಾರ ಮೊದಲು, ಅರ್ಕಾವತ್ತು ಅನಂತರ. ಅಂದರೆ ಇಲ್ಲಿ ಸಂಖ್ಯೆಯಷ್ಟೇ ಅಲ್ಲ, ಅನುಕ್ರಮವೇ ಪಲ್ಲಟಗೊಳ್ಳುತ್ತದೆ. ಸಂಕೇತದಿಂದ ಆಕೃತಿಗೆ ಹೋಗುವ ದಾರಿ ನಿಯಮಬದ್ಧವಾಗಿದೆ. ಆಕೃತಿಯಿಂದ ಸಂಕೇತಕ್ಕೆ ಮರಳುವ ದಾರಿಯನ್ನು ಕಡತದಲ್ಲಿ ಯಾರಾದರೂ ದಾಖಲಿಸಿಟ್ಟಿರಬೇಕು. ಪ್ರಿಂಟರ್‌ಗೆ ಆ ದಾಖಲೆಯ ಅಗತ್ಯವಿಲ್ಲ. ಕಾಗದದ ಮೇಲೆ ಮಸಿ ಎಲ್ಲಿ ಬೀಳಬೇಕೆಂಬುದಷ್ಟೇ ಅದಕ್ಕೆ ಬೇಕು.

೪. ಹಳೆಯ ಫಾಂಟುಗಳಿಂದ ಬಂದ ಪಿಡಿಎಫ್

ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ತಂತ್ರಾಂಶಗಳು ರೋಮನ್ ಚಿಹ್ನೆಗಳಿಗೆ ಮೀಸಲಾಗಿದ್ದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದವು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂಬ ಪದ ಏಳು ಸಂಕೇತಗಳಿಂದ ಕೂಡಿದೆ. ಇಂಗ್ಲಿಷಿನ ದೊಡ್ಡ ‘ಪಿ’ ಸ್ಥಾನದಲ್ಲಿ ತಲೆಕಟ್ಟಿಲ್ಲದ ಕಕಾರ, ನೆತ್ತಿಯ ಮೇಲೆ ಸ್ವರಚಿಹ್ನೆ ಹೊತ್ತ ‘ಎ’ ಸ್ಥಾನದಲ್ಲಿ ತಲೆಕಟ್ಟು, ಬ್ರಿಟಿಷ್ ಪೌಂಡ್ ನಾಣ್ಯದ ಚಿಹ್ನೆಯ ಸ್ಥಾನದಲ್ಲಿ ತಲೆಕಟ್ಟಿಲ್ಲದ ನಕಾರ, ಮತ್ತೆ ತಲೆಕಟ್ಟು, ಜರ್ಮನ್ ಭಾಷೆಯ ಜೋಡಿ ಸಕಾರದ ಚಿಹ್ನೆಯ ಸ್ಥಾನದಲ್ಲಿ ನಕಾರದ ಒತ್ತು, ಸಣ್ಣ ‘ಕ್ಯೂ’ ಸ್ಥಾನದಲ್ಲಿ ಡಕಾರ, ಕೊನೆಗೆ ಮತ್ತೆ ತಲೆಕಟ್ಟು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಈ ರೋಮನ್ ಚಿಹ್ನೆಗಳ ಮೆರವಣಿಗೆ. ಪಿಡಿಎಫ್‌ನೊಳಗೆ ಫಾಂಟನ್ನು ಅಡಕಗೊಳಿಸುವುದರಿಂದ ಪುಟ ಸರಿಯಾಗಿ ಕಾಣುತ್ತದೆಯಾದರೂ ಶೋಧ ತಂತ್ರಾಂಶದ ದೃಷ್ಟಿಯಲ್ಲಿ ಆ ಪುಟದಲ್ಲಿ ಕನ್ನಡವೇ ಇರುವುದಿಲ್ಲ.

ಆದರೂ ಇಂತಹ ಪಿಡಿಎಫ್ ನಿರುಪಯುಕ್ತವಲ್ಲ. ಸಂಕೇತಗಳು ತಪ್ಪು ಲಿಪಿಯವಾಗಿದ್ದರೂ ಅವುಗಳಲ್ಲಿ ಸ್ಥಿರತೆಯಿದೆ. ತಲೆಕಟ್ಟಿಲ್ಲದ ಕಕಾರ ಇರುವಲ್ಲೆಲ್ಲ ಅದೇ ‘ಪಿ’ ಇರುತ್ತದೆ. ಆದಕಾರಣ ಫಾಂಟಿನ ಕುಲ ಯಾವುದೆಂದು ತಿಳಿದಿದ್ದರೆ ಪರಿವರ್ತಕ ತಂತ್ರಾಂಶದಿಂದ ಇಡೀ ಪಠ್ಯವನ್ನು ಯೂನಿಕೋಡ್‌ಗೆ ತರಬಹುದು. ಅರ್ಕಾವತ್ತನ್ನು ಸ್ವಸ್ಥಾನಕ್ಕೆ ಮರಳಿಸುವ ನಿಯಮವನ್ನೂ ಇಂತಹ ಪರಿವರ್ತಕಗಳಲ್ಲಿ ಅಳವಡಿಸಲಾಗುತ್ತದೆ. ಇದಕ್ಕೆ ಒಂದು ಅಪವಾದವುಂಟು. ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಫಾಂಟನ್ನು ಚುಕ್ಕಿಚಿತ್ರಗಳಾಗಿ ಕಳಿಸಿದ್ದರೆ ಅಥವಾ ಬಳಕೆಯಾದ ಆಕೃತಿಗಳಿಗೆ ಹೊಸದಾಗಿ ಕ್ರಮಸಂಖ್ಯೆ ನೀಡಿದ್ದರೆ ಆ ಸ್ಥಿರತೆಯೂ ಕಳೆದುಹೋಗಿರಬಹುದು.

೫. ಯೂನಿಕೋಡ್ ಪಠ್ಯ ಪ್ರಿಂಟರ್ ಮಾರ್ಗದಲ್ಲಿ

ಯೂನಿಕೋಡ್ ಪಠ್ಯವನ್ನು ಪ್ರಿಂಟರ್ ಮಾರ್ಗದಿಂದ ಪಿಡಿಎಫ್ ಮಾಡಿದಾಗ ವಿಲಕ್ಷಣ ಪರಿಸ್ಥಿತಿಯೊಂದು ಉಂಟಾಗುತ್ತದೆ. ಗುಣಿತ, ಒತ್ತು, ಅರ್ಕಾವತ್ತುಗಳ ಜೋಡಣೆ ಡ್ರೈವರ್‌ಗೆ ತಲಪುವ ಮುನ್ನವೇ ಮುಗಿದಿರುತ್ತದೆ. ಡ್ರೈವರ್‌ಗೆ ದೊರೆಯುವುದು ಇಷ್ಟನೆಯ ಗ್ಲಿಫ್ ಅನ್ನು ಇಂತಹ ಸ್ಥಾನದಲ್ಲಿ ಇರಿಸು ಎಂಬ ಸೂಚನೆ ಮಾತ್ರ. ಸ್ವಂತ ಯೂನಿಕೋಡ್ ಸಂಖ್ಯೆಯುಳ್ಳ ಮೂಲಾಕ್ಷರಗಳ ಗುರುತನ್ನು ಫಾಂಟಿನ ಕೋಷ್ಟಕದಿಂದ ಹಿಮ್ಮುಖವಾಗಿ ಊಹಿಸಬಹುದು. ಒತ್ತುಗಳಿಗೂ ಗುಣಿತಗಳ ಸಂಯುಕ್ತ ಆಕೃತಿಗಳಿಗೂ ಅಂತಹ ಆಧಾರವಿಲ್ಲ. ಜೊತೆಗೆ, ಕಡತದ ಗಾತ್ರ ಕುಗ್ಗಿಸಲು ಬಳಕೆಯಾದ ಗ್ಲಿಫ್‌ಗಳನ್ನಷ್ಟೇ ಆಯ್ದು ಅಡಕಗೊಳಿಸುವುದು ರೂಢಿ. ಒಂದು ಪ್ರಬಂಧದಲ್ಲಿ ಹನ್ನೆರಡನೆಯ ಸಂಖ್ಯೆ ತಕಾರದ ಒತ್ತಾದರೆ ಇನ್ನೊಂದರಲ್ಲಿ ಅದೇ ಸಂಖ್ಯೆ ‘ಮಿ’ ಆಗಿರಬಹುದು.

ಇದರ ಪರಿಣಾಮವಾಗಿ, ಪ್ರತಿ ಮಾಡಿದ ಪಠ್ಯದಲ್ಲಿ ಮೂಲಾಕ್ಷರಗಳು ಉಳಿದು ಒತ್ತುಗಳು ಮಾಯವಾಗುತ್ತವೆ, ಇಲ್ಲವೆ ಅವುಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣಿಸುತ್ತವೆ. ಹೀಗೆ, ಹಳೆಯ ಫಾಂಟಿನ ಪಿಡಿಎಫ್ ಅನ್ನು ಪರಿವರ್ತಕದಿಂದ ಉದ್ಧರಿಸಬಹುದಾದರೆ, ಹೆಚ್ಚು ಆಧುನಿಕವೆನಿಸಿದ ಯೂನಿಕೋಡ್ ಮೂಲದ ಪಿಡಿಎಫ್ ಕೆಲವೊಮ್ಮೆ ಅದಕ್ಕಿಂತ ದುಸ್ಥಿತಿಯಲ್ಲಿರುತ್ತದೆ. ಯೂನಿಕೋಡ್‌ನಲ್ಲಿ ಬರೆಯಲಾಗಿದೆ ಎಂಬುದು ಪಠ್ಯ ಯೂನಿಕೋಡ್‌ನಲ್ಲಿಯೇ ಉಳಿದಿದೆ ಎಂಬುದಕ್ಕೆ ಸಾಕ್ಷಿಯಾಗಲಾರದು.

೬. ಗುರುತನ್ನು ಉಳಿಸುವ ವ್ಯವಸ್ಥೆಗಳು

ಈ ನಷ್ಟವನ್ನು ತುಂಬಲು ಪಿಡಿಎಫ್ ಶಿಷ್ಟತೆಯಲ್ಲಿ ಎರಡು ವ್ಯವಸ್ಥೆಗಳಿವೆ. ‘ಟು-ಯೂನಿಕೋಡ್’ ಎಂಬ ಕೋಷ್ಟಕ ಮೊದಲನೆಯದು. ಯಾವ ಗ್ಲಿಫ್ ಯಾವ ಅಕ್ಷರ ಅಥವಾ ಅಕ್ಷರಸರಣಿಯನ್ನು ಸೂಚಿಸುತ್ತದೆ ಎಂಬುದನ್ನು ಅದು ದಾಖಲಿಸುತ್ತದೆ. ನಕಾರದ ಒತ್ತು ಎಂದರೆ ವಿರಾಮ ಹಾಗೂ ನಕಾರ ಎಂದು ಇದರಲ್ಲಿ ಹೇಳಬಹುದು. ಆದರೆ ಈ ಕೋಷ್ಟಕ ಪ್ರತಿಯೊಂದು ಗ್ಲಿಫ್ ಅನ್ನೂ ಬಿಡಿಯಾಗಿ ನೋಡುತ್ತದೆ, ಅನುಕ್ರಮವನ್ನು ಬದಲಿಸಲಾರದು. ಅರ್ಕಾವತ್ತಿಗೆ ‘ರ್’ ಎಂಬ ಬೆಲೆಯನ್ನು ಸರಿಯಾಗಿಯೇ ನೀಡಿದರೂ ‘ಅರ್ಥ’ವು ‘ಅಥರ್’ ಎಂದೂ ‘ವರ್ಷ’ವು ‘ವಷರ್’ ಎಂದೂ ಹೊರಬರುತ್ತವೆ. ಆರಂಭದಲ್ಲಿ ಉಲ್ಲೇಖಿಸಿದ ‘ಕನಾರ್ಟಕ’ದ ಮೂಲವೂ ಇದೇ.

ಎರಡನೆಯದು ‘ಆಕ್ಚುಯಲ್ ಟೆಕ್ಸ್ಟ್’ ಎಂಬ ವ್ಯವಸ್ಥೆ. ಗ್ಲಿಫ್‌ಗಳ ಒಂದು ಗುಂಪಿಗೆ ಇದು ನಿಜವಾದ ಪಠ್ಯವನ್ನು ಒಟ್ಟಾಗಿ ಅಂಟಿಸುತ್ತದೆ. ಆದುದರಿಂದ ಪಲ್ಲಟಗೊಂಡ ಅನುಕ್ರಮವೂ ಸರಿಹೋಗುತ್ತದೆ. ಇದನ್ನು ಬರೆಯಬೇಕಾದರೆ ಮೂಲ ಪಠ್ಯ ತಂತ್ರಾಂಶದ ಎದುರಿಗಿರಬೇಕು. ಅದು ಇರುವುದು ನೇರ ಮಾರ್ಗದಲ್ಲಿಯೇ ಹೊರತು ಪ್ರಿಂಟರ್ ಮಾರ್ಗದಲ್ಲಲ್ಲ. ನೇರವಾಗಿ ಪಿಡಿಎಫ್ ಮಾಡುವ ಎಲ್ಲ ತಂತ್ರಾಂಶಗಳೂ ಇದನ್ನು ಸಮರ್ಪಕವಾಗಿ ನಿರ್ವಹಿಸುತ್ತವೆ ಎನ್ನಲಾಗದು. ಆದರೂ ಸಾಧ್ಯತೆ ಉಳಿದಿರುವುದು ಆ ಮಾರ್ಗದಲ್ಲಿ ಮಾತ್ರ.

ದೀರ್ಘಕಾಲದ ಸಂಗ್ರಹಕ್ಕೆಂದು ರೂಪುಗೊಂಡ ‘ಪಿಡಿಎಫ್/ಎ’ ಶಿಷ್ಟತೆಯನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು. ೨೦೦೫ರಲ್ಲಿ ಬಂದ ಅದರ ಮೊದಲ ಭಾಗದಲ್ಲಿ ‘ಬಿ’ ಮತ್ತು ‘ಎ’ ಎಂಬ ಎರಡು ಸ್ತರಗಳಿವೆ. ‘ಬಿ’ ಸ್ತರ ಖಾತರಿ ನೀಡುವುದು ಪುಟದ ನೋಟಕ್ಕೆ ಮಾತ್ರ. ‘ಎ’ ಸ್ತರ ಪಠ್ಯದ ಗುರುತನ್ನೂ ರಚನೆಯನ್ನೂ ಅಪೇಕ್ಷಿಸುತ್ತದೆ. ೨೦೧೧ರ ಎರಡನೆಯ ಭಾಗದಲ್ಲಿ ಸೇರಿದ ‘ಯು’ ಸ್ತರವು ಎಲ್ಲ ಪಠ್ಯಕ್ಕೂ ಯೂನಿಕೋಡ್ ಗುರುತು ಇರಬೇಕೆಂದು ವಿಧಿಸುತ್ತದೆ. ಕೇವಲ ‘ಪಿಡಿಎಫ್/ಎ’ ಎಂದು ಹೇಳುವುದು ಕನ್ನಡದ ಮಟ್ಟಿಗೆ ಸಾಲದು; ಸ್ತರವನ್ನು ಹೆಸರಿಸುವುದು ಅಗತ್ಯ.

೭. ಕನ್ನಡ ಅಧ್ಯಯನದ ಮೇಲಿನ ಪರಿಣಾಮ

ಈ ಚರ್ಚೆ ಕೇವಲ ತಾಂತ್ರಿಕವಾದುದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದಪ್ರಯೋಗಗಳನ್ನು ಚೀಟಿಗಳಲ್ಲಿ ಸಂಗ್ರಹಿಸಿ ಕಟ್ಟಿದ ಕೃತಿ. ಅಂತಹ ಸಂಗ್ರಹ ಕಾರ್ಯವನ್ನು ಇಂದು ಗಣಕದಿಂದ ಮಾಡಬೇಕಾದರೆ ಲಭ್ಯವಿರುವ ಪಿಡಿಎಫ್‌ಗಳು ಓದಬಲ್ಲ ಪಠ್ಯವಾಗಿರಬೇಕು. ಒತ್ತು ಕಳಚಿದ, ಅರ್ಕಾವತ್ತು ಸ್ಥಾನಪಲ್ಲಟಗೊಂಡ ಆಕರದಿಂದ ತಯಾರಿಸಿದ ಪದಸೂಚಿ ಭಾಷೆಯ ಬಗ್ಗೆ ತಪ್ಪು ಸಾಕ್ಷ್ಯ ನುಡಿಯುತ್ತದೆ.

ಕೃತಿಚೌರ್ಯ ಪರಿಶೀಲನೆಯ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಆಯೋಗದ ೨೦೧೮ರ ನಿಯಮಾವಳಿ ಶೇಕಡಾ ಹತ್ತರವರೆಗಿನ ಸಾಮ್ಯವನ್ನು ದಂಡನೆಯಿಂದ ಹೊರಗಿಟ್ಟಿದೆ. ಸಾಮ್ಯವನ್ನು ಅಳೆಯುವ ತಂತ್ರಾಂಶವು ಕಡತದೊಳಗಿನ ಸಂಕೇತಗಳನ್ನು ಹೋಲಿಸುವುದೇ ಹೊರತು ಪುಟದ ನೋಟವನ್ನಲ್ಲ. ಒಂದೇ ವಾಕ್ಯ ಒಂದು ಕಡತದಲ್ಲಿ ರೋಮನ್ ಚಿಹ್ನೆಗಳಾಗಿ, ಇನ್ನೊಂದರಲ್ಲಿ ಒತ್ತಿಲ್ಲದ ಯೂನಿಕೋಡ್ ಆಗಿದ್ದರೆ ಸಾಮ್ಯ ಶೂನ್ಯವೆಂದೇ ಬರಬಲ್ಲದು. ಅಂತಹ ವರದಿಯನ್ನು ಸ್ವಂತಿಕೆಯ ಪ್ರಮಾಣಪತ್ರವೆಂದು ಭಾವಿಸುವುದು ಮಾರ್ಗದರ್ಶಕರನ್ನೂ ಪರೀಕ್ಷಕರನ್ನೂ ತಪ್ಪುದಾರಿಗೆ ಎಳೆಯುತ್ತದೆ.

ಮೂರನೆಯದಾಗಿ, ಮೂಲ ಕಡತಗಳ ನಾಶದ ಪ್ರಶ್ನೆಯಿದೆ. ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ ಬಂದದ್ದು ೨೦೦೧ರಲ್ಲಿ. ಅದರಲ್ಲಿ ಸಿದ್ಧವಾದ ಕನ್ನಡ ಪುಸ್ತಕಗಳ ಮೂಲ ಕಡತಗಳನ್ನು ತೆರೆಯುವುದೇ ಇಂದು ಕಷ್ಟವಾಗಿದೆ. ಅನೇಕ ಕೃತಿಗಳಿಗೆ ಅಚ್ಚಿನ ಪ್ರತಿಯನ್ನು ಬಿಟ್ಟರೆ ಪಿಡಿಎಫ್ ಒಂದೇ ಉಳಿದ ಪಾಠ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಏಕೈಕ ಪ್ರತಿಯ ಸ್ಥಿತಿ ಹೇಗಿದೆ ಎಂಬುದರ ಮೇಲೆ ಪಾಠೋದ್ಧಾರದ ಶ್ರಮ ನಿಂತಿದೆ.

೮. ಪರೀಕ್ಷೆಯ ಕ್ರಮ

ದೊರೆತ ಪಿಡಿಎಫ್‌ಗಳನ್ನು ಈ ದೃಷ್ಟಿಯಿಂದ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

(ಅ) ಯೂನಿಕೋಡ್ ಗುರುತನ್ನು ಪೂರ್ಣವಾಗಿ ಉಳಿಸಿಕೊಂಡವು. ಇವನ್ನು ನೇರವಾಗಿ ಬಳಸಬಹುದು.

(ಆ) ಹಳೆಯ ಫಾಂಟಿನ ಸಂಕೇತಗಳನ್ನು ಸ್ಥಿರವಾಗಿ ಉಳಿಸಿಕೊಂಡವು. ಇವಕ್ಕೆ ಪರಿವರ್ತಕ ಸಾಕು.

(ಇ) ಗ್ಲಿಫ್ ಸಂಖ್ಯೆಗಳನ್ನು ಮಾತ್ರ ಹೊಂದಿರುವವು. ಇವಕ್ಕೆ ಆಯಾ ಕಡತದ ಗ್ಲಿಫ್‌ಗಳನ್ನು ಒಂದೊಂದಾಗಿ ಗುರುತಿಸಬೇಕು, ಇಲ್ಲವೆ ಓಸಿಆರ್ ಮೊರೆಹೋಗಬೇಕು.

(ಈ) ಅಕ್ಷರಗಳನ್ನು ರೇಖಾಕೃತಿಯಾಗಿ ಒಡೆದವು ಹಾಗೂ ಸ್ಕ್ಯಾನ್ ಮಾಡಿದವು. ಇವಕ್ಕೆ ಓಸಿಆರ್ ಒಂದೇ ದಾರಿ. ಅದರ ಫಲಿತಾಂಶವನ್ನು ಮೂಲದೊಡನೆ ಹೋಲಿಸಿ ತಿದ್ದುವುದು ಅನಿವಾರ್ಯ.

ಕಡತ ಯಾವ ವರ್ಗದ್ದೆಂದು ತಿಳಿಯಲು ವಿಶೇಷ ತಂತ್ರಾಂಶ ಬೇಕಿಲ್ಲ. ‘ಅರ್ಥ’, ‘ಶಾಸ್ತ್ರ’, ‘ಕೋಶ’, ‘ಕೈವಲ್ಯ’ಗಳಂತಹ ಪದಗಳಿರುವ ಸಾಲೊಂದನ್ನು ಪ್ರತಿ ಮಾಡಿ, ಯೂನಿಕೋಡ್ ಪಠ್ಯ ಸಂಪಾದಕದಲ್ಲಿ ಅಂಟಿಸಿ ನೋಡಬೇಕು. ಅರ್ಕಾವತ್ತು, ಜೋಡಿ ಒತ್ತು, ಓಕಾರ, ಐಕಾರ ಈ ನಾಲ್ಕೂ ಸರಿಯಾಗಿ ಬಂದರೆ ಪಠ್ಯ ಬಹುಮಟ್ಟಿಗೆ ಸುರಕ್ಷಿತ. ಅನಂತರ ಅದೇ ಪದಗಳನ್ನು ಪಿಡಿಎಫ್‌ನೊಳಗೆ ಹುಡುಕಿ ದೃಢಪಡಿಸಿಕೊಳ್ಳಬೇಕು. ದಾಖಲೆಯ ಗುಣವಿವರದಲ್ಲಿ ಕಾಣುವ ಫಾಂಟುಗಳ ಪಟ್ಟಿಯೂ ಪಿಡಿಎಫ್ ರಚಿಸಿದ ತಂತ್ರಾಂಶದ ಹೆಸರೂ ಅದು ಬಂದ ಮಾರ್ಗದ ಸುಳಿವು ನೀಡುತ್ತವೆ.

ಹೊಸದಾಗಿ ಸಿದ್ಧವಾಗುವ ಪ್ರಬಂಧಗಳ ವಿಷಯದಲ್ಲಿ ವಿಭಾಗಗಳು ಮೂರು ಕ್ರಮಗಳನ್ನು ಪಾಲಿಸುವುದು ಉಚಿತ. ಯೂನಿಕೋಡ್ ಪಠ್ಯವನ್ನು ಮುದ್ರಣದ ಆದೇಶದಿಂದಲ್ಲದೆ ನೇರವಾಗಿ ಪಿಡಿಎಫ್ ಆಗಿ ಉಳಿಸುವುದು ಮೊದಲನೆಯದು. ಅಚ್ಚುಕೂಟಕ್ಕೆ ಹೋಗುವ ಪ್ರತಿಯನ್ನೂ ಸಂಗ್ರಹಕ್ಕೆ ಹೋಗುವ ಪ್ರತಿಯನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸುವುದು ಎರಡನೆಯದು. ಅಚ್ಚುಕೂಟ ಬಯಸುವುದು ಆಕೃತಿಯ ನಿಖರತೆಯನ್ನು. ಗ್ರಂಥಾಲಯಕ್ಕೆ ಪಠ್ಯದ ಗುರುತೂ ಬೇಕು. ಪಿಡಿಎಫ್‌ನ ಜೊತೆಗೆ ಮೂಲ ಕಡತವನ್ನೂ ಅಲಂಕಾರಗಳಿಲ್ಲದ ಯೂನಿಕೋಡ್ ಪಠ್ಯದ ಒಂದು ಪ್ರತಿಯನ್ನೂ ಠೇವಣಿ ಇಡುವುದು ಮೂರನೆಯದು. ಈ ಕೊನೆಯ ಕ್ರಮಕ್ಕೆ ವೆಚ್ಚ ಬಹು ಕಡಿಮೆ, ಪ್ರಯೋಜನ ಅತಿ ಹೆಚ್ಚು.

ಸಮಾರೋಪ

ಪಿಡಿಎಫ್ ಮುದ್ರಿತ ಪುಟದ ಪ್ರತಿನಿಧಿಯಾಗಿ ಹುಟ್ಟಿ, ಕ್ರಮೇಣ ಪಠ್ಯದ ಭಂಡಾರವೆಂಬ ಹೊಣೆಯನ್ನೂ ಹೊತ್ತುಕೊಂಡಿತು. ಪ್ರಿಂಟರ್ ಕಡತದ ಮೂಲಕ ಅದನ್ನು ಸಿದ್ಧಪಡಿಸಿದಾಗ ಮೊದಲ ಹೊಣೆ ನೆರವೇರಿ ಎರಡನೆಯದು ಬಿದ್ದುಹೋಗುವ ಸಂಭವ ಹೆಚ್ಚು. ಒತ್ತು, ಗುಣಿತ, ಅರ್ಕಾವತ್ತುಗಳ ಮೂಲಕ ಆಕೃತಿಯೂ ಸಂಕೇತವೂ ಬೇರ್ಪಡುವ ಕನ್ನಡದಂತಹ ಲಿಪಿಯಲ್ಲಿ ಈ ನಷ್ಟ ತೀವ್ರವಾಗಿರುತ್ತದೆ. ಅಚ್ಚಿನ ಕರಡು ತಿದ್ದುವುದನ್ನು ವಿದ್ವತ್ ಕಾರ್ಯದ ಅಂಗವೆಂದು ಕನ್ನಡದ ಸಂಶೋಧನ ಪರಂಪರೆ ಒಪ್ಪಿಕೊಂಡಿದೆ. ಸಲ್ಲಿಸುವ ಮುನ್ನ ಪಿಡಿಎಫ್‌ನ ಒಂದು ಸಾಲನ್ನು ಪ್ರತಿ ಮಾಡಿ ನೋಡುವುದನ್ನೂ ಆ ಕರಡು ತಿದ್ದುಪಡಿಯ ಭಾಗವಾಗಿ ಪರಿಗಣಿಸಬೇಕಾಗಿದೆ.